ಗುರುಗಳಿಲ್ಲದ ಸಭೆಗೆ ಹಿರಿಯರನ್ನು ಆರಿಸಿದ ಸಂತ ಜೋಸೆಫ್ ವಾಜರು

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಮೊದಲಾದ ನಮ್ಮ ಧಾರವಾಡ ಸೀಮೆಯ ಊರುಗಳ ಸುತ್ತಿನಲ್ಲಿ ಕಥೋಲಿಕ ಮತಸ್ಥರ ಮನೆಗಳು ವಿರಳ. ಒಬ್ಬ ಗುರುಗಳು ಹಲವು ಹಳ್ಳಿಗಳನ್ನು ನೋಡಿಕೊಳ್ಳಬೇಕಾದ ಕಡೆ ಪ್ರತಿ ರವಿವಾರ ಪ್ರತಿಯೊಂದು ಊರಿನಲ್ಲಿಯೂ ಬಲಿಪೂಜೆ ನಡೆಯಲಾರದು. ಗುರುಗಳು ಬಾರದ ವಾರ ಜನರನ್ನು ಕೂಡಿಸತಕ್ಕವರು ಯಾರು? ಮಕ್ಕಳಿಗೆ ಜಪಗಳನ್ನು ಕಲಿಸತಕ್ಕವರು ಯಾರು? ಮರಣಶಯ್ಯೆಯಲ್ಲಿರುವವರ ಬಳಿ ಕುಳಿತು ಪ್ರಾರ್ಥಿಸತಕ್ಕವರು ಯಾರು? ಈ ಪ್ರಶ್ನೆಯು ಇಂದು ಹುಟ್ಟಿದ್ದಲ್ಲ. ಮುನ್ನೂರು ವರ್ಷಗಳಿಗೂ ಹಿಂದೆ ಕೊಂಕಣ ಸೀಮೆಯ ಒಬ್ಬ ಗುರುವರ್ಯರು ಇದನ್ನೇ ಎದುರಿಸಿ, ಅದಕ್ಕೆ ತಮ್ಮ ಜೀವಿತದಿಂದಲೇ ಉತ್ತರವಿತ್ತರು. ಅವರೇ ಸಂತ ಜೋಸೆಫ್ ವಾಜರು. ಅವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಸಂಕ್ಷೇಪವಾಗಿ ಇಡುವೆವು.

ವಾಜರು 1651ನೆಯ ಇಸವಿ ಏಪ್ರಿಲ್ 21ರಂದು ಗೋವೆಯ ಸಾಲಸೆಟ್ ಪ್ರಾಂತ್ಯದ ಬಾಣಾವಲಿ ಗ್ರಾಮದಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾವ್ ವಾಜ್, ತಾಯಿ ಮರಿಯ ಮಿರಾಂದ. ಮನೆಮಾತು ಕೊಂಕಣಿ. ಬಾಲ್ಯದಲ್ಲಿ ಪೋರ್ತುಗೀಸ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತು, ಮುಂದೆ ಗೋವೆ ನಗರದಲ್ಲಿ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ವ್ಯಾಸಂಗಮಾಡಿ, 1676ರಲ್ಲಿ ಗುರುದೀಕ್ಷೆಯನ್ನು ಪಡೆದರು. ಆ ಕಾಲದಲ್ಲಿ ಈ ದೇಶದಲ್ಲಿಯೇ ಹುಟ್ಟಿದ ಗುರುಗಳಿಗೆ ಉನ್ನತ ಸ್ಥಾನಗಳು ಸುಲಭವಾಗಿ ದೊರೆಯುತ್ತಿರಲಿಲ್ಲ. ವಾಜರಾದರೋ ಸ್ಥಾನವನ್ನು ಬಯಸಿದವರೇ ಅಲ್ಲ. ಬರಿಗಾಲಿನಲ್ಲಿ ನಡೆಯುವುದು, ಬಡವರೊಡನೆ ಬೆರೆಯುವುದು, ದೀರ್ಘಕಾಲ ಪ್ರಾರ್ಥನೆಯಲ್ಲಿ ಕಳೆಯುವುದು, ಇವು ಅವರ ಸ್ವಭಾವವಾಗಿದ್ದವು.

1681ರಲ್ಲಿ ಅವರನ್ನು ನಮ್ಮ ಕನ್ನಡ ಜಿಲ್ಲೆಯ ಕರಾವಳಿಗೆ ಕಳುಹಿಸಲಾಯಿತು. ಆಗ ಅಲ್ಲಿನ ಕ್ರೈಸ್ತರ ಸ್ಥಿತಿಯು ಶೋಚನೀಯವಾಗಿತ್ತು. ಗೋವೆಯ ಅಧಿಕಾರಕ್ಕೆ ಸೇರಿದವರು ಒಂದು ಕಡೆ, ರೋಮಾಪುರಿಯಿಂದ ನೇಮಕವಾಗಿದ್ದ ಧರ್ಮಾಧ್ಯಕ್ಷ ತೋಮಸ್ ಡಿ ಕಾಸ್ತ್ರೊ ಅವರ ಪಕ್ಷದವರು ಇನ್ನೊಂದು ಕಡೆ, ಜನರು ಒಡೆದುಹೋಗಿದ್ದರು. ವಾಜರು ಯಾರನ್ನೂ ಹಳಿಯದೆ ಎರಡು ಪಕ್ಷಗಳ ನಡುವೆ ಶಾಂತಿಯನ್ನು ತರಲು ಶ್ರಮಪಟ್ಟರು. ಮಂಗಳೂರು, ಬಸರೂರು, ಗಂಗೊಳ್ಳಿ ಮುಂತಾದ ಕಡೆಗಳಲ್ಲಿ ಸಂಚರಿಸಿ, ಶಾಲೆಗಳನ್ನು ತೆರೆದು, ಭಕ್ತರ ಸಂಘಗಳನ್ನು ಏರ್ಪಡಿಸಿದರು. ಗುರುಗಳು ಊರಿನಿಂದ ಊರಿಗೆ ಹೋಗುವವರು, ಸಂಘವಾದರೋ ಊರಿನಲ್ಲಿಯೇ ಉಳಿಯುವಂಥದು. ಈ ಸತ್ಯವು ಕನ್ನಡ ಕರಾವಳಿಯ ಮೂರು ವರ್ಷಗಳಲ್ಲಿ ಅವರಿಗೆ ಚೆನ್ನಾಗಿ ಮನದಟ್ಟಾಗಿರಬೇಕು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಒರತೆಗಳು ಹುಟ್ಟಿದವೆಂದು ಜನರು ಇಂದಿಗೂ ನಂಬುತ್ತಾರೆ. ಆ ಗುಡ್ಡವು ಯಾತ್ರಾಸ್ಥಳವಾಗಿದೆ.

1684ರಲ್ಲಿ ಗೋವೆಗೆ ಮರಳಿದ ವಾಜರು ಮರುವರ್ಷ ದೇಶೀಯ ಗುರುಗಳ ಒಂದು ಚಿಕ್ಕ ಮಂಡಲಿಯನ್ನು ಸೇರಿ ಅದಕ್ಕೆ ಓರೆಟರಿ ಸಂಘದ ಕ್ರಮವನ್ನು ಕೊಟ್ಟರು. ಆದರೆ ಅವರ ಮನಸ್ಸು ಸಿಂಹಳದ್ವೀಪದ ಕಡೆಗೆ, ಎಂದರೆ ಇಂದಿನ ಶ್ರೀಲಂಕೆಯ ಕಡೆಗೆ, ಎಳೆಯುತ್ತಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನವನ್ನೂ ಪೋರ್ತುಗೀಸರಿಂದ ಗೆದ್ದುಕೊಂಡ ಮೇಲೆ ಕಥೋಲಿಕ ಗುರುಗಳನ್ನು ಹೊರದೂಡಿ, ಅವರಿಗೆ ಆಶ್ರಯವೀಯುವವರಿಗೂ ಕಠಿಣ ಶಿಕ್ಷೆಯನ್ನು ವಿಧಿಸಿದ್ದರು. ಸುಮಾರು 30 ವರ್ಷಗಳಿಂದ ಅಲ್ಲಿನ ಭಕ್ತರು ಗುರುಗಳ ಮುಖವನ್ನೇ ಕಂಡಿರಲಿಲ್ಲ. ತಂದೆತಾಯಿಗಳು ಮುಚ್ಚಿದ ಬಾಗಿಲುಗಳ ಹಿಂದೆ ಕಲಿಸಿದಷ್ಟೇ ಮಕ್ಕಳಿಗೆ ಧರ್ಮವಾಗಿತ್ತು.

ವಾಜರು 1686ರಲ್ಲಿ ಗೋವೆಯನ್ನು ಬಿಟ್ಟು, ಕೂಲಿಯವನಂತೆ ವೇಷ ಧರಿಸಿ, ತೂತುಕುಡಿಯಿಂದ ಕಡಲು ದಾಟಿ, 1687ರಲ್ಲಿ ಜಾಫ್ನವನ್ನು ಸೇರಿದರು. ದಾರಿಯಲ್ಲಿಯೇ ರೋಗಗ್ರಸ್ತರಾಗಿ ಬಹಳ ಬಳಲಿದ್ದರು. ಗುಣಹೊಂದಿದ ಮೇಲೆ ಕೊರಳಲ್ಲಿ ಜಪಸರವನ್ನು ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ಕಂಡು ಯಾರ ಕಣ್ಣು ಅರಳುವುದೋ ಅವರು ತಮ್ಮವರೆಂದು ತಿಳಿಯುವುದೇ ಈ ಭಿಕ್ಷಾಟನೆಯ ಮರ್ಮವಾಗಿತ್ತು. ಹೀಗೆ ಪರಿಚಯವಾದವರ ಸಹಾಯದಿಂದ ರಾತ್ರಿಯ ಕತ್ತಲೆಯಲ್ಲಿ ಬಲಿಪೂಜೆಯನ್ನು ಅರ್ಪಿಸಿ, ಪಾಪನಿವೇದನೆಗಳನ್ನು ಕೇಳಿ, ಬೆಳಗಾಗುವುದರೊಳಗೆ ಬೇರೆಡೆಗೆ ಹೋಗುತ್ತಿದ್ದರು. 1689ರ ಕ್ರಿಸ್ತಜಯಂತಿಯ ರಾತ್ರಿ ಡಚ್ ಸಿಪಾಯಿಗಳು ಜಾಫ್ನದ ಭಕ್ತರ ಮೇಲೆ ಬಿದ್ದು ಅನೇಕರನ್ನು ಸೆರೆಹಿಡಿದರು. ವಾಜರು ಸಿಕ್ಕಲಿಲ್ಲ. ಆ ಬಳಿಕ ಅವರು ಕ್ಯಾಂಡಿ ಅರಸನ ಸೀಮೆಗೆ ಸೇರಿದ ಪುತ್ತಲಮ್ ಕಡೆಗೆ ಸಾಗಿದರು.

ಇಡೀ ದ್ವೀಪಕ್ಕೆ ಒಬ್ಬರೇ ಗುರುಗಳು! ಒಂದು ಊರಿಗೆ ಬಂದವರು ಮತ್ತೆ ಅಲ್ಲಿಗೆ ಬರುವುದಕ್ಕೆ ಎಷ್ಟು ತಿಂಗಳು ಹಿಡಿಯುವುದೋ ಹೇಳುವಂತಿರಲಿಲ್ಲ. ಆದುದರಿಂದ ವಾಜರು ತಾವು ಬಿಟ್ಟುಹೋಗುವ ಸಭೆಗಳಲ್ಲಿ ಗೃಹಸ್ಥ ಭಕ್ತರನ್ನೇ ಆರಿಸಿ ನೇಮಿಸುತ್ತಿದ್ದರು. ಉಪದೇಶವನ್ನು ಮಾಡತಕ್ಕವನಿಗೆ ಅಣ್ಣಾವಿ ಎಂದು ಹೆಸರು. ತಮಿಳಿನಲ್ಲಿ ಇದು ಉಪಾಧ್ಯಾಯನಿಗೆ ಸಲ್ಲುವ ಮಾತು. ಸಭೆಯ ಆಡಳಿತವನ್ನು ನೋಡತಕ್ಕವನಿಗೆ ಮುಪ್ಪು ಎಂದು ಹೆಸರು. ಕನ್ನಡದಲ್ಲಿ ವೃದ್ಧಾಪ್ಯಕ್ಕೆ ನಾವು ಹೇಳುವ ಶಬ್ದಕ್ಕೂ ಅದಕ್ಕೂ ಮೂಲ ಒಂದೇ; ಹಿರಿತನವೆಂದು ಅದರ ತಾತ್ಪರ್ಯ. ಅಣ್ಣಾವಿಯು ರವಿವಾರಗಳಲ್ಲಿ ಜನರನ್ನು ಕೂಡಿಸಿ ಪ್ರಾರ್ಥನೆಯನ್ನು ನಡೆಸುವನು, ಮಕ್ಕಳಿಗೆ ಧರ್ಮೋಪದೇಶವನ್ನು ಕಲಿಸುವನು, ಪ್ರಾಣಾಪಾಯದಲ್ಲಿರುವ ಶಿಶುವಿಗೆ ಜ್ಞಾನಸ್ನಾನವನ್ನು ಕೊಡುವನು, ಸಾಯುವವರಿಗೆ ಧೈರ್ಯ ಹೇಳುವನು, ಸತ್ತವರನ್ನು ಮಣ್ಣುಮಾಡುವನು. ಬಲಿಪೂಜೆಯನ್ನು ಅರ್ಪಿಸುವ ಮತ್ತು ಪಾಪಗಳನ್ನು ಕ್ಷಮಿಸುವ ಅಧಿಕಾರ ಅವನಿಗಿಲ್ಲ. ಗುರುಗಳ ಪಟ್ಟವನ್ನು ಅವನು ಏರುವುದಿಲ್ಲ. ಗುರುಗಳು ಬರುವ ತನಕ ದೀಪವು ಆರದಂತೆ ಎಣ್ಣೆ ಹೊಯ್ಯುತ್ತಾನೆ.

ಇಂಥವನನ್ನು ಆರಿಸುವುದು ಸುಲಭವೇ? ಡಚ್ಚರ ಆಳಿಕೆಯಲ್ಲಿ ಅಣ್ಣಾವಿಯಾಗುವುದೆಂದರೆ ಗೌರವಕ್ಕಿಂತ ಮೊದಲು ಅಪಾಯವನ್ನು ಒಪ್ಪಿಕೊಳ್ಳುವುದು. ಬಾಯಿಬಡುಕನಾದವನಿಂದ ಇಡೀ ಊರಿಗೆ ಕೇಡು. ಹಣವಂತನಾಗಿದ್ದು ಹಣದ ಮೇಲೆಯೇ ಮನಸ್ಸಿಟ್ಟವನು ಸರಕಾರದ ಬೆದರಿಕೆಗೆ ಮೊದಲು ಬಗ್ಗುವನು. ಜಗಳಗಂಟನ ಕರೆಗೆ ನೆರೆಯವರೇ ಬಾರರು. ನೆರೆಹೊರೆಯವರ ನಂಬಿಕೆ, ಜಪಗಳ ಜ್ಞಾನ, ಕಷ್ಟಕಾಲದಲ್ಲಿ ಬಾಯಿ ಬಿಡದ ಸ್ಥೈರ್ಯ, ಈ ಮೂರೂ ಕೂಡಿದವನೇ ಅಂಥ ಸಭೆಯನ್ನು ಹಿಡಿದು ನಿಲ್ಲಿಸಬಲ್ಲವನಾಗಿದ್ದನು. ಕುಲ, ಸಂಪತ್ತು, ವಾಚಾಳತನ ಇವು ಅಲ್ಲಿ ಪ್ರಯೋಜನಕ್ಕೆ ಬಾರದ ಸಾಮಗ್ರಿಗಳು.

1692ರಲ್ಲಿ ವಾಜರು ಕ್ಯಾಂಡಿ ನಗರಕ್ಕೆ ಹೋದಾಗ ಪೋರ್ತುಗೀಸರ ಗೂಢಚಾರರೆಂಬ ಅಪವಾದಕ್ಕೆ ಗುರಿಯಾಗಿ ಸೆರೆಮನೆಯನ್ನು ಸೇರಬೇಕಾಯಿತು. ಅವರು ಅಲ್ಲಿಯೂ ಸುಮ್ಮನೆ ಕುಳಿತವರಲ್ಲ. ಸಿಂಹಳ ಭಾಷೆಯನ್ನು ಕಲಿತರು. ಅವರ ನಿಷ್ಕಪಟತೆಯನ್ನು ಕಂಡ ಅರಸ ಎರಡನೆಯ ವಿಮಲಧರ್ಮಸೂರ್ಯನು, ತಾನು ಬೌದ್ಧನಾಗಿದ್ದರೂ, ಕ್ರಮೇಣ ಅವರಿಗೆ ಸ್ವಾತಂತ್ರ್ಯವನ್ನಿತ್ತನು. ಗೋವೆಯಿಂದ ಬೇರೆ ಗುರುಗಳೂ ಬಂದು ಸೇರಿದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬಿನ ಬೇನೆ ಹಬ್ಬಿ, ಜನರು ತಮ್ಮ ರೋಗಿಗಳನ್ನೇ ಬಿಟ್ಟು ಓಡಿದಾಗ, ವಾಜರು ಮತಭೇದವೆಣಿಸದೆ ಅವರನ್ನು ಉಪಚರಿಸಿದರು, ಸತ್ತವರನ್ನು ಹೂಳಿದರು. ಮುಂದೆ ಪೋಪರ ಪ್ರತಿನಿಧಿಯು ಅವರನ್ನು ಉನ್ನತ ಪದವಿಗೆ ಏರಿಸಬೇಕೆಂದಾಗ ಅವರು ಅದನ್ನು ವಿನಯದಿಂದ ನಿರಾಕರಿಸಿದರು. ಇತರರಿಗೆ ಅಧಿಕಾರವನ್ನು ಹಂಚಿದ ಮಹನೀಯರು ತಮಗಾಗಿ ಅದನ್ನು ಕೂಡಿಟ್ಟುಕೊಳ್ಳಲಿಲ್ಲ. 1711ನೆಯ ಇಸವಿ ಜನವರಿ 16ರಂದು, ತಮ್ಮ 59ನೆಯ ವಯಸ್ಸಿನಲ್ಲಿ, ಕ್ಯಾಂಡಿಯಲ್ಲಿ ದೇಹವಿಟ್ಟರು. 1995ರ ಜನವರಿ 21ರಂದು ಎರಡನೆಯ ಜಾನ್ ಪೌಲರು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಸಂತರೆಂದೂ, ಎರಡು ಸಾರಿಯೂ ಕೊಲಂಬೊ ನಗರದಲ್ಲಿಯೇ, ಘೋಷಿಸಿದರು.

ವಾಜರು ನಟ್ಟ ಸಸಿ ಅವರೊಡನೆ ಒಣಗಲಿಲ್ಲ. ಅವರ ತರುವಾಯವೂ ಗುರುಗಳು ಅಪರೂಪವಾಗಿದ್ದ ಊರುಗಳಲ್ಲಿ ಅಣ್ಣಾವಿಗಳು ಸಭೆಗಳನ್ನು ಕಾಯ್ದರು. ನಮ್ಮ ಮಂಗಳೂರು ಕಡೆಯ ದೇವಾಲಯಗಳಲ್ಲಿಯೂ ವಾಡೆಗೊಬ್ಬ ಗುರ್ಕಾರನಿದ್ದು, ಮನೆಗಳ ಸುಖದುಃಖಗಳನ್ನು ವಿಚಾರಿಸುವ ಪದ್ಧತಿಯುಂಟು. 1983ರ ಧರ್ಮಸಭೆಯ ಕಾನೂನು, ಗುರುಗಳ ಕೊರತೆಯಿರುವಲ್ಲಿ ಒಂದು ಧರ್ಮಕೇಂದ್ರದ ಪಾಲನೆಯಲ್ಲಿ ಗುರುದೀಕ್ಷೆ ಹೊಂದದವರಿಗೂ ಪಾಲು ಕೊಡಲು ಧರ್ಮಾಧ್ಯಕ್ಷರಿಗೆ ಅವಕಾಶವಿತ್ತಿದೆ. ಮೇಲ್ವಿಚಾರಣೆಗೆ ಒಬ್ಬ ಗುರುಗಳಿರಬೇಕು. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸರು ಉಪದೇಶಿಯ ಸೇವೆಯನ್ನು ಸ್ಥಿರವಾದ ಪದವಿಯನ್ನಾಗಿ ಮಾಡಿ, ಅದನ್ನು ಪುರುಷರಿಗೂ ಸ್ತ್ರೀಯರಿಗೂ ಸಮಾನವಾಗಿ ತೆರೆದಿಟ್ಟರು.

ಸಹೋದರಿಯರೇ, ಈ ಕೊನೆಯ ಮಾತು ವಿಶೇಷವಾಗಿ ನಿಮಗೆ ಸಲ್ಲತಕ್ಕದ್ದು. 1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಕ್ಷೇತ್ರದೊಳಗೆ ನಮ್ಮ ಧಾರವಾಡ ಸೀಮೆಯೂ ಸೇರಿದೆ. ಮದುವೆಯಾಗಿಯೋ ಉದ್ಯೋಗಕ್ಕಾಗಿಯೋ ನೀವು ದೂರದ ಹಳ್ಳಿಯನ್ನು ಸೇರಿದಾಗ, ಅಲ್ಲಿನ ನಾಲ್ಕು ಮನೆಗಳಿಗೆ ಓದಬಲ್ಲವರು ನೀವೊಬ್ಬರೇ ಆಗಿರಬಹುದು. ಸಭೆಗೆ ಮುಂದಾಳನ್ನು ಆರಿಸುವ ದಿನ ಬಂದರೆ, ಪಾಲಕರು ದೊಡ್ಡ ಮನೆಯನ್ನು ನೋಡದೆ ದೃಢವಾದ ಮನಸ್ಸನ್ನು ನೋಡಲಿ. ಅಂಥ ಮನಸ್ಸು ತಮ್ಮ ಮಗಳದೇ ಆಗಿದ್ದರೆ ಹಿಂಜರಿಯದಿರಲಿ. ಅಣ್ಣಾವಿ ಎಂಬ ಮಾತಿಗೆ ಕಲಿಸುವವರು ಎಂಬುದೇ ಮೊದಲ ಅರ್ಥ. ಈ ಶಾಲೆಯಲ್ಲಿ ಕಲಿತವರಿಗೆ ಆ ಕೆಲಸವು ಅಪರಿಚಿತವಾದುದಲ್ಲ.