ವರ್ಷಕ್ಕೆ ಮೂರು ವರಹ ಕೂಲಿ: ಟಾವರ್ನಿಯರ್ ಕಂಡ ಗಣಿ, ಕೊಂಡ ವಜ್ರ

ರಾಯಚೂರು ದೋಆಬ್‌ಗಾಗಿ ವಿಜಯನಗರದವರು, ಬಹಮನಿಗಳು, ಆಮೇಲೆ ಆದಿಲ್‌ಶಾಹಿಗಳು ಯಾಕೆ ಅಷ್ಟೊಂದು ಬಡಿದಾಡಿದರು ಅಂತ ಕೇಳಿದರೆ ಶಾಲೆಯ ಪಾಠದಲ್ಲಿ ಇದ್ದ ಉತ್ತರ ಒಂದೇ: ಫಲವತ್ತಾದ ಭೂಮಿ. ಮಾನ್ವಿಯವನಾದ ನನಗೆ ಇದು ಅರ್ಧ ಉತ್ತರ ಅಂತಲೇ ಅನ್ನಿಸುತ್ತೆ. ತುಂಗಭದ್ರಾ ಎಡದಂಡೆ ಕಾಲುವೆ ಬರೋ ಮುಂಚೆ ನಮ್ಮ ಎರಿ ಹೊಲಗಳು ಮಳೆಯನ್ನೇ ನಂಬಿದ್ದವು. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನೆಲ ಕೈಯಲ್ಲಿದ್ದರೆ ವಜ್ರದ ಸೀಮೆಗೆ ಹೋಗುವ ದಾರಿಯೂ ಕೈಯಲ್ಲಿರುತ್ತಿತ್ತು. ಆ ಮಾತನ್ನು ಪಾಠ ಹೇಳಲಿಲ್ಲ.

ನಮ್ಮ ತಾಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹೊಳೆ ದಾಟಿದರೆ ಕರ್ನೂಲಿನ ಸೀಮೆ. ಅಲ್ಲಿನ ರಾಮಳ್ಳಕೋಟದಲ್ಲಿ 17ನೇ ಶತಮಾನದಲ್ಲಿ ಬಿಜಾಪುರದ ಸುಲ್ತಾನರಿಗೆ ಸೇರಿದ ವಜ್ರದ ಗಣಿ ಇತ್ತು. ಅಲ್ಲಿ ದುಡಿದ ಒಬ್ಬನ ಹೆಸರೂ ನಮಗೆ ಗೊತ್ತಿಲ್ಲ. ಅವರ ಕೂಲಿ ಎಷ್ಟಿತ್ತು ಅನ್ನೋದು ಗೊತ್ತು. ಗೊತ್ತಿರೋದು ಯಾಕೆಂದರೆ, ಆ ವಜ್ರ ಕೊಳ್ಳೋಕೆ ಬಂದ ಒಬ್ಬ ಫ್ರೆಂಚ್ ವ್ಯಾಪಾರಿ ಅದನ್ನು ಬರೆದಿಟ್ಟ. ಅವನೇ ಜಾನ್ ಬಾಪ್ಟಿಸ್ಟ್ ಟಾವರ್ನಿಯರ್. ಪರೀಕ್ಷೆಗೆ ಓದಿದವರಿಗೆಲ್ಲ ಅವನು ವಿದೇಶಿ ಪ್ರವಾಸಿ. ನಾನಿಲ್ಲಿ ಅವನನ್ನು ಗಿರಾಕಿಯಾಗಿ ನೋಡ್ತೀನಿ.

ಟಾವರ್ನಿಯರ್ ಹುಟ್ಟಿದ್ದು 1605ರಲ್ಲಿ, ಪ್ಯಾರಿಸ್‌ನಲ್ಲಿ. ಧರ್ಮದ ಕಾರಣಕ್ಕೆ ಆಂಟ್‌ವರ್ಪ್ ಬಿಟ್ಟು ಬಂದ ಪ್ರೊಟೆಸ್ಟೆಂಟ್ ಮನೆತನ ಅದು. ಅಪ್ಪನದು ನಕ್ಷೆಗಳ ವ್ಯಾಪಾರ. ಮನೆ ತುಂಬ ದೂರದೇಶದ ನಕ್ಷೆಗಳನ್ನೇ ನೋಡಿ ಬೆಳೆದ ಹುಡುಗ ಯುರೋಪ್ ಸುತ್ತಿದ, ಆಮೇಲೆ ಪೂರ್ವದ ಕಡೆ ಹೊರಟ. 1630ರ ಹೊತ್ತಿಗೆ ಶುರುವಾದ ಪಯಣಗಳು 1668ರವರೆಗೆ ಆರು ಸಲ ನಡೆದವು. ಎರಡನೇ ಪಯಣದಿಂದ ಅವನ ಗುರಿ ಹಿಂದೂಸ್ತಾನ. ಭಾರ ಕಡಿಮೆ, ಬೆಲೆ ಜಾಸ್ತಿ ಇರುವ ಸರಕು ಬೇಕಿತ್ತು ಅವನಿಗೆ. ವಜ್ರಕ್ಕಿಂತ ಒಳ್ಳೆಯದು ಇನ್ಯಾವುದಿತ್ತು? ಅಂದಿನ ಜಗತ್ತಿಗೆ ವಜ್ರ ಬರುತ್ತಿದ್ದದ್ದು ಬೋರ್ನಿಯೋದ ಸ್ವಲ್ಪ ಪಾಲು ಬಿಟ್ಟರೆ ಭಾರತದಿಂದಲೇ. ಬ್ರೆಜಿಲ್‌ನ ಗಣಿಗಳು 18ನೇ ಶತಮಾನದವು, ಆಫ್ರಿಕಾದವು 19ನೇ ಶತಮಾನದವು.

1640ರ ದಶಕದಲ್ಲಿ ಅವನು ರಾಮಳ್ಳಕೋಟಕ್ಕೆ ಬಂದ. ತನ್ನ ಪುಸ್ತಕದಲ್ಲಿ ಆ ಊರನ್ನು ರಾವೊಲ್ಕೊಂಡ ಅಂತ ಕರೆದ. ಗೋಲ್ಕೊಂಡದಿಂದ ಐದು ದಿನದ, ಬಿಜಾಪುರದಿಂದ ಎಂಟೊಂಬತ್ತು ದಿನದ ದಾರಿ ಅಂತ ಲೆಕ್ಕ ಕೊಟ್ಟ. ಬಂಡೆಯೊಳಗೆ ಬೆರಳಗಲದ ಸೀಳುಗಳಿದ್ದವು. ಕೂಲಿಗಳು ತುದಿ ಬಾಗಿದ ಕಬ್ಬಿಣದ ಸಲಾಕೆ ತೂರಿಸಿ ಒಳಗಿನ ಮಣ್ಣು ಕೆರೆದು ತೆಗೆಯುತ್ತಿದ್ದರು. ಸೀಳು ಮುಗಿದ ಕಡೆ ಹಾರೆಯಿಂದ ಬಂಡೆ ಒಡೆಯುತ್ತಿದ್ದರು. ಆ ಮಣ್ಣನ್ನು ತೊಳೆದು, ಹುಡುಕಿ, ಕಲ್ಲು ಆರಿಸುತ್ತಿದ್ದರು.

ಇವರ ಕೂಲಿ ವರ್ಷಕ್ಕೆ ಮೂರು ಪಗೋಡ, ಅಂದರೆ ಮೂರು ವರಹ. ಕೆಲಸದಲ್ಲಿ ಪಳಗಿದವರ ಕೂಲಿಯೇ ಇಷ್ಟು ಅನ್ನೋದನ್ನೂ ಟಾವರ್ನಿಯರ್ ಗಮನಿಸಿದ್ದ. ಗಣಿ ಹಿಡಿದ ವ್ಯಾಪಾರಿ ಸುಲ್ತಾನನಿಗೆ ಕಟ್ಟಬೇಕಿದ್ದ ರಾಜಧನ, ಐವತ್ತು ಆಳಿಗೆ ದಿನಕ್ಕೆ ಎರಡು ವರಹ. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಐವತ್ತು ಜನರ ವರ್ಷದ ಕೂಲಿ 150 ವರಹ. ವರ್ಷವಿಡೀ ಕೆಲಸ ನಡೆದರೆ ಆ ಐವತ್ತು ಜನರ ಹೆಸರಲ್ಲಿ ದೊರೆಗೆ ಹೋಗುವ ಹಣ 730 ವರಹ. ದುಡಿದವರಿಗೆ ಸಿಕ್ಕಿದ್ದರ ಹತ್ತಿರಹತ್ತಿರ ಐದು ಪಟ್ಟು, ಅದೂ ಒಂದು ವಜ್ರ ಸಿಗುವ ಮೊದಲೇ. ವಜ್ರ ಮಾರಾಟವಾದ ಮೇಲೆ ಶೇ. 2ರ ಸುಂಕ ಬೇರೆ.

ಹೊಟ್ಟೆಗೆ ಸಾಲದ ಕೂಲಿ ಕೊಟ್ಟರೆ ಕಳ್ಳತನ ಆಗೇ ಆಗುತ್ತೆ. ಮೈಮೇಲೆ ಒಂದು ತುಂಡು ಬಟ್ಟೆ ಬಿಟ್ಟರೆ ಬೇರೇನೂ ಇಲ್ಲದ ಆ ಜನ ಕಲ್ಲು ನುಂಗುತ್ತಿದ್ದರು. ಒಬ್ಬನಂತೂ ಕಣ್ಣಿನ ಮೂಲೆಯಲ್ಲಿ ವಜ್ರ ಬಚ್ಚಿಟ್ಟು ಸಿಕ್ಕಿಬಿದ್ದಿದ್ದ. ಐವತ್ತು ಆಳಿಗೆ ಹನ್ನೆರಡರಿಂದ ಹದಿನೈದು ಕಾವಲುಗಾರರು. ದೊಡ್ಡ ಕಲ್ಲು ಸಿಕ್ಕವನು ತಂದೊಪ್ಪಿಸಿದರೆ ತಲೆಗೊಂದು ರುಮಾಲು, ಒಂದಿಷ್ಟು ಹಣ, ಅಕ್ಕಿ, ಸಕ್ಕರೆ. ಇದು ಇನಾಮು.

ಕೃಷ್ಣೆಯ ದಂಡೆಯ ಕೊಲ್ಲೂರಿಗೂ ಟಾವರ್ನಿಯರ್ ಹೋದ. ಮೂಕಾಂಬಿಕೆಯ ಕೊಲ್ಲೂರಲ್ಲ, ಈಗಿನ ಆಂಧ್ರದ್ದು, ಅಂದು ಗೋಲ್ಕೊಂಡಕ್ಕೆ ಸೇರಿದ್ದು. ಅಲ್ಲಿ ಸುಮಾರು 60,000 ಜನ ದುಡಿಯುತ್ತಿದ್ದರು ಅನ್ನೋದು ಅವನ ಅಂದಾಜು. ಗಂಡಸರು ಅಗೆಯೋದು, ಹೆಂಗಸರು ಮಕ್ಕಳು ಮಣ್ಣು ಹೊರೋದು.

ಆಗಿನ ವಜ್ರ ವ್ಯಾಪಾರದಲ್ಲಿ ಅತಿ ದೊಡ್ಡ ಹೆಸರು ಮೀರ್ ಜುಮ್ಲಾ. ಇರಾನಿನಿಂದ ಬಂದವನು, ವಜ್ರದ ವ್ಯಾಪಾರಿ, ಗಣಿಗಳ ಗುತ್ತಿಗೆ ಹಿಡಿದವನು, ಗೋಲ್ಕೊಂಡದ ಮಂತ್ರಿ, ದಂಡನಾಯಕ, ಎಲ್ಲಾ ಅವನೇ. ಅವನಿಗೆ ತೋರಿಸದೆ ಗೋಲ್ಕೊಂಡದ ಸುಲ್ತಾನ ಒಡವೆ ಕೊಳ್ಳುತ್ತಿರಲಿಲ್ಲ. ಹಾಗಾಗಿ 1652ರಲ್ಲಿ ಟಾವರ್ನಿಯರ್ ತನ್ನ ಮುತ್ತುಗಳನ್ನು ಹೊತ್ತು ಗಂಡಿಕೋಟೆಗೆ ಹೋಗಿ ಅವನನ್ನು ಕಂಡ. ಕಾಲ್ಬೆರಳ ಸಂದಿಗಳಲ್ಲೂ ಪತ್ರಗಳನ್ನು ಸಿಕ್ಕಿಸಿಕೊಂಡು ಆಡಳಿತ ನಡೆಸುತ್ತಿದ್ದ ಮೀರ್ ಜುಮ್ಲಾನ ಚುರುಕು ಕಂಡು ಬೆರಗಾದ. ಅಪರಾಧಿಗಳ ಕೈಕಾಲು ಕಡಿಸುವ ತೀರ್ಪುಗಳನ್ನೂ ಅಲ್ಲೇ ಕಂಡ. ಅದನ್ನೂ ಬರೆದ, ವ್ಯಾಪಾರವನ್ನೂ ಮುಂದುವರಿಸಿದ.

ಈ ಮೀರ್ ಜುಮ್ಲಾನ ವಜ್ರದ ಹಣ ಸ್ವಂತ ಸೈನ್ಯವಾಯಿತು, ತೋಪಾಯಿತು. 1656ರಲ್ಲಿ ಅವನು ಗೋಲ್ಕೊಂಡ ಬಿಟ್ಟು ಮೊಗಲರನ್ನು ಸೇರಿದ. ಕೊಲ್ಲೂರಿನ ಒಂದು ಭಾರೀ ವಜ್ರವನ್ನು ಶಾಹಜಹಾನನಿಗೆ ಕಾಣಿಕೆ ಕೊಟ್ಟ ಎಂದು ಟಾವರ್ನಿಯರ್ ದಾಖಲಿಸಿದ್ದಾನೆ. ಮರುವರ್ಷವೇ ಔರಂಗಜೇಬನೂ ಮೀರ್ ಜುಮ್ಲಾನೂ ಸೇರಿ ಬೀದರ್ ಕೋಟೆ ಹಿಡಿದರು, ಆಮೇಲೆ ಇಂದಿನ ಬಸವಕಲ್ಯಾಣದ ಕೋಟೆಯನ್ನೂ ಹಿಡಿದರು. ನಮ್ಮ ನೆಲದ ವಜ್ರ ನಮ್ಮ ನೆಲಕ್ಕೇ ಯುದ್ಧವಾಗಿ ವಾಪಸ್ ಬಂತು. ಆ ಮುತ್ತಿಗೆಗಳಲ್ಲಿ ಸತ್ತವರಿಗೂ ರಾಮಳ್ಳಕೋಟದ ಕೂಲಿಗಳಿಗೂ ಸಂಬಂಧ ಇಲ್ಲ ಅನ್ನೋಕಾಗುತ್ತಾ?

1665ರಲ್ಲಿ ಔರಂಗಜೇಬ ತನ್ನ ಖಜಾನೆಯ ರತ್ನಗಳನ್ನು ಟಾವರ್ನಿಯರ್‌ಗೆ ತೋರಿಸಿದ. ಆ ಕಾಣಿಕೆಯ ವಜ್ರವನ್ನು ಅವನು ಕೈಯಲ್ಲಿ ಹಿಡಿದು ನೋಡಿದ. 1668ರಲ್ಲಿ ಪ್ಯಾರಿಸ್‌ಗೆ ಮರಳಿದವನು ಹದಿನಾಲ್ಕನೇ ಲೂಯಿಗೆ ಸಾವಿರಕ್ಕೂ ಹೆಚ್ಚು ವಜ್ರಗಳನ್ನು ಮಾರಿದ. ಸಿಕ್ಕಿದ್ದು ಸುಮಾರು 9 ಲಕ್ಷ ಲಿವ್ರ್. ಅದರ ಜೊತೆಗೆ ಕುಲೀನ ಪದವಿ. 1670ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಒಬೋನ್ ಎಂಬ ಜಹಗೀರು ಕೊಂಡ. 1676ರಲ್ಲಿ ಪ್ರವಾಸದ ಪುಸ್ತಕ ಹೊರತಂದ. ಅವನು ಮಾರಿದ ನೀಲಿ ವಜ್ರ ಕೊಲ್ಲೂರಿನದ್ದು ಅಂತ ಸಾಮಾನ್ಯವಾಗಿ ನಂಬುತ್ತಾರೆ. ಅದನ್ನು ಮತ್ತೆ ಕೊರೆದರು, ಫ್ರೆಂಚ್ ಕ್ರಾಂತಿಯ ಗದ್ದಲದಲ್ಲಿ 1792ರಲ್ಲಿ ಅದು ಕಳುವಾಯಿತು. ಇವತ್ತು ಹೋಪ್ ಡೈಮಂಡ್ ಅನ್ನೋ ಹೆಸರಲ್ಲಿ ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿದೆ. ಅದಕ್ಕೆ ಶಾಪ ಇದೆಯಂತೆ, ಹಾಕಿಕೊಂಡವರಿಗೆಲ್ಲ ಕೇಡಾಯಿತಂತೆ ಅಂತ ಕಥೆ ಕಟ್ಟಿದ್ದಾರೆ. ಹಾಕಿಕೊಂಡವರ ಕೇಡಿನ ಕಥೆ ಜಗತ್ತಿಗೆಲ್ಲ ಗೊತ್ತು. ಅಗೆದವರದ್ದು ಗೊತ್ತಿಲ್ಲ.

ಟಾವರ್ನಿಯರ್ ಕೊನೆಗಾಲ ಸುಖವಾಗಿ ಕಳೆಯಲಿಲ್ಲ. ಫ್ರಾನ್ಸಿನಲ್ಲಿ ಪ್ರೊಟೆಸ್ಟೆಂಟರ ಮೇಲೆ ಕಿರುಕುಳ ಜಾಸ್ತಿಯಾಯಿತು, 1685ರಲ್ಲಿ ಅವರ ಧರ್ಮದ ಹಕ್ಕನ್ನೇ ಲೂಯಿ ರದ್ದು ಮಾಡಿದ. ವಜ್ರ ಕೊಂಡ ದೊರೆಯ ರಾಜ್ಯದಲ್ಲೇ ವಜ್ರ ತಂದವನ ಧರ್ಮದವರಿಗೆ ಜಾಗ ಇರಲಿಲ್ಲ. ಜಹಗೀರು ಮಾರಿ, ಎಂಬತ್ತು ದಾಟಿದ ವಯಸ್ಸಲ್ಲಿ ಮತ್ತೆ ಪೂರ್ವಕ್ಕೆ ಹೊರಟವನು 1689ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡ.

ನನಗೆ ಇವನು ಖಳನಾಯಕ ಅಂತ ಅನ್ನಿಸಲ್ಲ. ಯಾರನ್ನೂ ಹೊಡೆದವನಲ್ಲ, ಹೇಳಿದ ಬೆಲೆ ಕೊಟ್ಟವನು. ಆದರೆ ಕೂಲಿ ಎಷ್ಟು, ಸುಂಕ ಎಷ್ಟು, ಕೈಕಾಲು ಕಡಿಸೋದು ಯಾರು, ಎಲ್ಲಾ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೊಂಡ. ಇಂದಿನ ಗಿರಾಕಿ ಗೊತ್ತಿರಲಿಲ್ಲ ಅಂತಾನೆ. ಟಾವರ್ನಿಯರ್‌ಗೆ ಆ ನೆಪವೂ ಇಲ್ಲ.

ಇವತ್ತಿನ ಕಾನೂನು ಅವನ ವಜ್ರಗಳನ್ನು ಏನಂತ ಕರೆಯುತ್ತಿತ್ತು? ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಬಂಡುಕೋರರು ವಜ್ರ ಮಾರಿ ಬಂದೂಕು ಕೊಂಡರು, ಸಾವಿರಾರು ಜನರ ಕೈ ಕಡಿದರು. ಅವರಿಗೆ ನೆರವಾದ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷ ಶಿಕ್ಷೆಯಾಯಿತು. ಇಂಥ ವಜ್ರ ತಡೆಯೋಕೆ 2003ರಲ್ಲಿ ಕಿಂಬರ್ಲಿ ಪ್ರಮಾಣಪತ್ರದ ವ್ಯವಸ್ಥೆ ಬಂತು, ಭಾರತವೂ ಅದರಲ್ಲಿದೆ. ಆದರೆ ಅದರ ವ್ಯಾಖ್ಯಾನದಲ್ಲಿ ರಕ್ತದ ವಜ್ರ ಅಂದರೆ ಸರ್ಕಾರದ ವಿರುದ್ಧ ಯುದ್ಧಕ್ಕೆ ಬಂಡುಕೋರರು ಬಳಸುವ ಕಚ್ಚಾ ವಜ್ರ ಮಾತ್ರ. ಸರ್ಕಾರವೇ ಹೊಡೆದರೆ? 2008ರಲ್ಲಿ ಜಿಂಬಾಬ್ವೆಯ ಮರಾಂಗೆ ಗಣಿಯಲ್ಲಿ ಸೈನ್ಯ 200ಕ್ಕೂ ಹೆಚ್ಚು ಜನರನ್ನು ಕೊಂದಿತು ಅಂತ ಮಾನವ ಹಕ್ಕು ಸಂಘಟನೆಗಳು ಹೇಳಿದವು. 2011ರಲ್ಲಿ ಆ ಗಣಿಯ ವಜ್ರ ರಫ್ತಿಗೆ ಒಪ್ಪಿಗೆ ಸಿಕ್ಕಿತು. ಈ ವ್ಯವಸ್ಥೆಗಾಗಿ ದುಡಿದಿದ್ದ ಗ್ಲೋಬಲ್ ವಿಟ್ನೆಸ್ ಸಂಸ್ಥೆಯೇ ಅದೇ ವರ್ಷ ಹೊರನಡೆಯಿತು.

ಈ ಅಳತೆಗೋಲಲ್ಲಿ ರಾಮಳ್ಳಕೋಟದ ವಜ್ರ ಶುದ್ಧ. ಅಲ್ಲಿ ಸುಲ್ತಾನನೇ ಸರ್ಕಾರ. ಮೀರ್ ಜುಮ್ಲಾನ ವಜ್ರವೂ ಶುದ್ಧ, ಅವನೂ ಅಧಿಕಾರದಲ್ಲಿದ್ದವನೇ. ಮೂರು ವರಹದ ಕೂಲಿ, ಮಣ್ಣು ಹೊರುವ ಮಕ್ಕಳು, ಬೀದರಿನ ಮುತ್ತಿಗೆ, ಯಾವುದೂ ಲೆಕ್ಕಕ್ಕೆ ಬರಲ್ಲ. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತು ಸೂರತ್ತಿನ ಸುತ್ತಮುತ್ತ ಸಾಣೆಗೆ ಬರುತ್ತವೆ ಅಂತಾರೆ. ಹಾಗಾಗಿ ವ್ಯಾಖ್ಯಾನ ಬದಲಿಸಿ ಅಂತ ಒತ್ತಾಯಿಸುವ ಶಕ್ತಿ ಬೇರೆ ಯಾವ ದೇಶಕ್ಕಿಂತ ಹೆಚ್ಚಾಗಿ ನಮ್ಮ ದೇಶಕ್ಕಿದೆ, ಹೊಣೆಯೂ ಅಷ್ಟೇ ಇದೆ.

ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ ಕಡೆ ಮುಂಗಾರಿನ ಮೊದಲ ಮಳೆ ಬಿದ್ದರೆ ಇವತ್ತಿಗೂ ಜನ ಹೊಲದಲ್ಲಿ ಬಗ್ಗಿ ವಜ್ರ ಹುಡುಕುತ್ತಾರೆ. ಗಡಿ ದಾಟಿ ಕರ್ನಾಟಕದಿಂದಲೂ ಹೋಗುತ್ತಾರೆ. ಸಿಕ್ಕ ಕಲ್ಲಿನ ಬೆಲೆ ಹೇಳೋನು ಸ್ಥಳೀಯ ವ್ಯಾಪಾರಿ. ಕಲ್ಲು ಎತ್ತಿದವನಿಗೆ ಅದರ ನಿಜ ಬೆಲೆ ತಿಳಿಯೋ ದಾರಿಯೇ ಇಲ್ಲ. ಸುಲ್ತಾನರು ಹೋದರು, ಟಾವರ್ನಿಯರ್ ಹೋದ. ಬೆಲೆ ಕಟ್ಟುವ ಕೈ ಮಾತ್ರ ಅಗೆಯುವ ಕೈಯದ್ದಾಗಲಿಲ್ಲ.