ಮೂಕಜೀವಿಗಳ ಬಂಧು

ಅನ್ಯಾಯವಾದಾಗ ಮನುಷ್ಯನು ದೂರು ಕೊಡಬಲ್ಲನು. ನ್ಯಾಯಾಲಯದ ಮೆಟ್ಟಿಲನ್ನು ಹತ್ತಬಲ್ಲನು. ಮಿತಿಮೀರಿದ ಹೊರೆಯನ್ನು ಎಳೆಯುವ ಎತ್ತಾಗಲಿ, ಹಗಲಿರುಳೂ ಸರಪಳಿಯಲ್ಲಿ ಬಿಗಿಸಿಕೊಂಡಿರುವ ನಾಯಿಯಾಗಲಿ ಹಾಗೆ ಮಾಡಲಾರದು. ಇಂತಹ ಮೂಕಜೀವಿಗಳ ಪರವಾಗಿ ಸಂಸತ್ತಿನಲ್ಲಿ ದನಿಯೆತ್ತಿದವರು ಶ್ರೀಮತಿ ರುಕ್ಮಿಣಿದೇವಿ ಅರುಂಡೇಲ್.

ರುಕ್ಮಿಣಿದೇವಿಯವರು 1904ರ ಫೆಬ್ರವರಿ 29ರಂದು ಮಧುರೆಯಲ್ಲಿ ಜನಿಸಿದರು. ತಂದೆ ನೀಲಕಂಠ ಶಾಸ್ತ್ರಿಗಳು ಥಿಯಾಸಫಿಯಲ್ಲಿ ಶ್ರದ್ಧೆಯುಳ್ಳವರು. ಕುಟುಂಬವು ಮದರಾಸಿನ ಅಡೆಯಾರಿನಲ್ಲಿ ನೆಲೆಸಿತು. 1920ರಲ್ಲಿ ರುಕ್ಮಿಣಿಯವರು ಆಂಗ್ಲರಾದ ಜಾರ್ಜ್ ಅರುಂಡೇಲರನ್ನು ವರಿಸಿದಾಗ ಸಂಪ್ರದಾಯಸ್ಥರು ಕೆರಳಿದರು. ಕುಲೀನ ಸ್ತ್ರೀಯರು ನರ್ತಿಸಬಾರದೆಂಬ ಕಾಲದಲ್ಲಿ ಅವರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ನೃತ್ಯವನ್ನು ಕಲಿತು, 1935ರಲ್ಲಿ ರಂಗವೇರಿದರು. ಮರುವರ್ಷ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಲೋಕನಿಂದೆಗೆ ಅಂಜದ ಈ ಧೈರ್ಯವೇ ಮುಂದೆ ಪ್ರಾಣಿಗಳ ಪಾಲಿಗೆ ವರವಾಯಿತು.

1952ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. ಆಗ ಜಾರಿಯಲ್ಲಿದ್ದುದು 1890ರ ಕಾನೂನು. ಅದರ ರಕ್ಷಣೆಯು ಸಾಕಿದ ಅಥವಾ ಸೆರೆಹಿಡಿದ ಪ್ರಾಣಿಗಳಿಗೆ ಮಾತ್ರ ಮೀಸಲಾಗಿತ್ತು. ಈ ಕೊರತೆಯನ್ನು ನೀಗಲು ರುಕ್ಮಿಣಿದೇವಿಯವರು ತಾವೇ ಒಂದು ಮಸೂದೆಯನ್ನು ಸಭೆಯ ಮುಂದಿಟ್ಟರು. 1954ರಲ್ಲಿ ಅದರ ಚರ್ಚೆ ನಡೆದಾಗ ಪ್ರಧಾನಿ ನೆಹರೂ ಅವರು ಅದರ ಉದ್ದೇಶವನ್ನು ಮೆಚ್ಚಿದರು. ಸಮಿತಿಯೊಂದರ ಮೂಲಕ ವಿಚಾರಣೆ ನಡೆಸಿ ಸರ್ಕಾರವೇ ಮಸೂದೆ ತರುವುದೆಂಬ ಭರವಸೆಯಿತ್ತರು. ಆ ಮಾತನ್ನು ನಂಬಿ ರುಕ್ಮಿಣಿದೇವಿಯವರು ತಮ್ಮ ಮಸೂದೆಯನ್ನು ಹಿಂತೆಗೆದುಕೊಂಡರು. ಸ್ವಂತ ಹೆಸರಿಗಿಂತ ಕಾರ್ಯಸಿದ್ಧಿಯೇ ಅವರಿಗೆ ದೊಡ್ಡದಾಗಿತ್ತು.

ಆರು ವರ್ಷಗಳ ತರುವಾಯ, 1960ರಲ್ಲಿ, ಪ್ರಾಣಿಹಿಂಸೆ ತಡೆ ಕಾಯಿದೆ ಜನ್ಮತಾಳಿತು. ಮಾನವನನ್ನುಳಿದು ಸಕಲ ಜೀವಿಗಳೂ ಅದರ ದೃಷ್ಟಿಯಲ್ಲಿ ಪ್ರಾಣಿಗಳೇ. ಹೊಡೆಯುವುದು, ಅತಿಭಾರ ಹೊರಿಸುವುದು, ಇಕ್ಕಟ್ಟಾದ ಪಂಜರದಲ್ಲಿ ಕೂಡುವುದು ಅಪರಾಧವಾದವು. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು ಸಹ ತಪ್ಪೆನಿಸಿತು. ಆದರೆ ಮೊದಲ ಅಪರಾಧಕ್ಕೆ ವಿಧಿಸಿದ ದಂಡ ಹೆಚ್ಚೆಂದರೆ ಐವತ್ತು ರೂಪಾಯಿ ಮಾತ್ರ. ಪ್ರಯೋಗಾಲಯಗಳಲ್ಲಿ ಪ್ರಾಣಿಗಳನ್ನು ಬಳಸುವುದೂ ನಿಲ್ಲಲಿಲ್ಲ. ಬಯಸಿದ್ದೆಲ್ಲವೂ ದೊರೆಯದಿದ್ದರೂ ರುಕ್ಮಿಣಿದೇವಿಯವರು ಕೈಚೆಲ್ಲಿ ಕೂರಲಿಲ್ಲ. ಕಾಯಿದೆಯ ಪ್ರಕಾರ 1962ರಲ್ಲಿ ರಚಿತವಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಪ್ರಥಮ ಅಧ್ಯಕ್ಷರಾಗಿ ದುಡಿದರು.

1986ರ ಫೆಬ್ರವರಿ 24ರಂದು ಅವರು ದಿವಂಗತರಾದರು. ಅವರು ನೆಟ್ಟ ಸಸಿ ಮಾತ್ರ ಬೆಳೆಯುತ್ತಲೇ ಇದೆ. ಲಾಭಕ್ಕಾಗಿ ನಾಯಿಗಳ ಸಂತಾನವನ್ನು ಬೆಳೆಸಿ ಮಾರುವವರಿಗೆ ಇದೇ ಕಾಯಿದೆಯ ಅಡಿಯಲ್ಲಿ 2017ರಲ್ಲಿ ನಿಯಮಗಳು ಬಂದವು. ಅವುಗಳಂತೆ ಅಂಥವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಹದಿನೆಂಟು ತಿಂಗಳಾಗದ ಹೆಣ್ಣುನಾಯಿಯಿಂದ ಮರಿ ಪಡೆಯಬಾರದು. ಮೂಕಜೀವಿಯ ನೋವನ್ನು ಕರುಣೆಗಷ್ಟೇ ಬಿಡದೆ ಕಾನೂನಿನ ಕಣ್ಣಿಗೂ ಕಾಣುವಂತೆ ಮಾಡಿದ್ದೇ ರುಕ್ಮಿಣಿದೇವಿಯವರ ಹಿರಿಮೆ.