ಬಾಡಿಗೆ ಜಾಗದಲ್ಲಿ ಬಂಡಾಯ

ಚಿತ್ರಕಲೆ ಓದುವ ನಮ್ಮಂಥವರಿಗೆ ವರ್ಷಕ್ಕೊಮ್ಮೆ ಎದುರಾಗುವ ಪ್ರಶ್ನೆ ಒಂದೇ: ಪ್ರದರ್ಶನಕ್ಕೆ ನಿನ್ನ ಚಿತ್ರ ಆಯ್ಕೆ ಆಯ್ತಾ? ಆಯ್ಕೆ ಮಾಡುವವರು ಯಾರು, ಆ ಅಧಿಕಾರ ಅವರಿಗೆ ಎಲ್ಲಿಂದ ಬಂತು ಎಂದು ಮಾತ್ರ ನಾವು ಕೇಳುವುದಿಲ್ಲ. ಅದನ್ನು ಗಟ್ಟಿಯಾಗಿ ಕೇಳಿ, ದುಬಾರಿ ಬೆಲೆ ತೆತ್ತವನು ಫ್ರಾನ್ಸಿನ ಗುಸ್ತಾವ್ ಕೂರ್ಬೆ. ಅವನ ಬದುಕಿನ ಬಗ್ಗೆ ಓದಿದಾಗಿನಿಂದ ಅವನು ನನ್ನ ತಲೆಯಲ್ಲೇ ಕೂತಿದ್ದಾನೆ.

ಕೂರ್ಬೆ ಹುಟ್ಟಿದ್ದು 1819ರಲ್ಲಿ, ಓರ್ನಾನ್ ಎಂಬ ಸಣ್ಣ ಊರಿನಲ್ಲಿ. ಇಪ್ಪತ್ತರ ಹರೆಯದಲ್ಲಿ ಪ್ಯಾರಿಸ್ ಸೇರಿದ. ಅಲ್ಲಿ ಹೆಸರು ಮಾಡಬೇಕೆಂದರೆ 'ಸಲೋನ್' ಎಂಬ ಅಧಿಕೃತ ಪ್ರದರ್ಶನದಲ್ಲಿ ಚಿತ್ರ ತೂಗಬೇಕಿತ್ತು. ಭಾರೀ ಗಾತ್ರದ ಕ್ಯಾನ್ವಾಸ್ ಏನಿದ್ದರೂ ದೇವರು, ರಾಜರು, ಯುದ್ಧಗಳಿಗೆ ಮೀಸಲು. ಕೂರ್ಬೆ ಆರೂವರೆ ಮೀಟರಿಗೂ ಹೆಚ್ಚು ಅಗಲದ ಕ್ಯಾನ್ವಾಸಿನಲ್ಲಿ ತನ್ನೂರಿನ ಒಂದು ಶವಸಂಸ್ಕಾರವನ್ನು ಚಿತ್ರಿಸಿದ. ಊರ ಜನರೇ ರೂಪದರ್ಶಿಗಳು. ಸಾಮಾನ್ಯರಿಗೆ ಇಷ್ಟು ದೊಡ್ಡ ಜಾಗವೇ ಎಂದು ವಿಮರ್ಶಕರು ಮುಗಿಬಿದ್ದರು.

1855ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಪ್ರದರ್ಶನ ನಡೆಯಿತು. ತೀರ್ಪುಗಾರರು ಅವನ 11 ಚಿತ್ರಗಳನ್ನು ಒಪ್ಪಿಕೊಂಡರೂ ಶವಸಂಸ್ಕಾರದ ಚಿತ್ರವನ್ನೂ, ತನ್ನ ಸ್ಟುಡಿಯೊ ಕುರಿತು ಅವನು ಬರೆದ ಬೃಹತ್ ಚಿತ್ರವನ್ನೂ ತಿರಸ್ಕರಿಸಿದರು. ಹನ್ನೊಂದು ಸಿಕ್ಕಿತಲ್ಲ ಎಂದು ಬೇರೆಯವರಾಗಿದ್ದರೆ ಸುಮ್ಮನಿರುತ್ತಿದ್ದರೇನೋ. ಕೂರ್ಬೆ ಪಕ್ಕದಲ್ಲೇ ಜಾಗ ಬಾಡಿಗೆಗೆ ಹಿಡಿದು, ಸ್ವಂತ ಮಂಟಪ ಕಟ್ಟಿ, 40 ಚಿತ್ರಗಳನ್ನು ತೂಗುಹಾಕಿದ. ಪ್ರವೇಶಕ್ಕೆ ಒಂದು ಫ್ರಾಂಕ್. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಹಿರಿಯ ಕಲಾವಿದ ಡೆಲಾಕ್ರುವಾ ಮಾತ್ರ ಸುಮಾರು ಒಂದು ಗಂಟೆ ಒಬ್ಬನೇ ನಿಂತು ನೋಡಿ ಮೆಚ್ಚಿದ. ಅಷ್ಟಾದರೂ ಕೂರ್ಬೆ 1867ರಲ್ಲಿ ಮತ್ತೊಂದು ಮಂಟಪ ಕಟ್ಟಿದ!

1870ರಲ್ಲಿ ಸರ್ಕಾರ ಕೊಟ್ಟ ದೊಡ್ಡ ಗೌರವವನ್ನು ಅವನು ನಿರಾಕರಿಸಿದ. ಕಲೆಯ ವಿಷಯದಲ್ಲಿ ಸರ್ಕಾರಕ್ಕೇನು ಕೆಲಸ ಎಂಬುದು ಅವನ ವಾದ. ಮರುವರ್ಷ ಪ್ಯಾರಿಸ್ ಕಮ್ಯೂನ್ ದಂಗೆಯ ದಿನಗಳಲ್ಲಿ ಕಲಾವಿದರ ಒಕ್ಕೂಟಕ್ಕೆ ಅಧ್ಯಕ್ಷನಾದ. ಮ್ಯೂಸಿಯಂಗಳನ್ನೂ ಪ್ರದರ್ಶನಗಳನ್ನೂ ಕಲಾವಿದರು ಆರಿಸಿದವರೇ ನೋಡಿಕೊಳ್ಳಬೇಕು ಎಂಬುದು ಒಕ್ಕೂಟದ ಗುರಿ. ಆದರೆ ಕಮ್ಯೂನ್ ಬಾಳಿದ್ದು ಎರಡೇ ತಿಂಗಳು.

ನೆಪೋಲಿಯನ್ನನ ವಿಜಯಸ್ತಂಭವನ್ನು ಕಮ್ಯೂನ್ ಉರುಳಿಸಿತ್ತು. ಅದನ್ನು ಬಿಚ್ಚಿ ತೆಗೆಯಬೇಕೆಂದು ಕೂರ್ಬೆ ಮೊದಲೇ ಮನವಿ ಕೊಟ್ಟಿದ್ದ. ಆದರೆ ಉರುಳಿಸುವ ತೀರ್ಮಾನವಾದಾಗ ಅವನಿನ್ನೂ ಕಮ್ಯೂನಿನ ಸದಸ್ಯನೇ ಆಗಿರಲಿಲ್ಲ. ಆದರೂ ಆರು ತಿಂಗಳ ಸೆರೆವಾಸವಾಯಿತು. 1872ರ ಸಲೋನ್ ಅವನ ಚಿತ್ರಗಳನ್ನು ಹೊರಗಿಟ್ಟಿತು. ಸ್ತಂಭ ಮರುನಿರ್ಮಾಣದ ವೆಚ್ಚ, ಮೂರು ಲಕ್ಷ ಫ್ರಾಂಕಿಗೂ ಹೆಚ್ಚು, ಅವನ ತಲೆಗೇ ಬಂತು. ಅವನು ಸ್ವಿಟ್ಜರ್ಲೆಂಡಿಗೆ ಓಡಿದ. 33 ವರ್ಷಗಳ ಕಂತು ನಿಗದಿಯಾಯಿತು. ಮೊದಲ ಕಂತು ಕಟ್ಟುವ ಮುನ್ನವೇ, 1877ರ ಡಿಸೆಂಬರ್ 31ರಂದು ಕಣ್ಣುಮುಚ್ಚಿದ.

ಅಂದು ತಿರಸ್ಕೃತವಾದ ಆ ಎರಡೂ ಚಿತ್ರಗಳು ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿವೆ. ಇದನ್ನೇ ಅವನ ಗೆಲುವು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವನು ಪರದೇಶದಲ್ಲಿದ್ದಾಗಲೇ, 1874ರಲ್ಲಿ, ಮೊನೆ, ರೆನ್ವಾ ಮುಂತಾದ ಕಿರಿಯರು ಸಲೋನ್ ಬಾಗಿಲು ತೆರೆಯಲೆಂದು ಕಾಯದೆ ತಾವೇ ಸೇರಿ ಪ್ರದರ್ಶನ ನಡೆಸಿದರು. ನನ್ನ ಲೆಕ್ಕದಲ್ಲಿ ಕೂರ್ಬೆ ಗೆದ್ದದ್ದು ಅಲ್ಲಿ.